ನೀವಿರುವ ಊರನ್ನು ವರ್ಣಿಸಿ

ನಮ್ಮಲ್ಲಿ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕವೂ ‘ಶ್ರೀ’ ಬರೆಯದೆ ಶುರುವಾಗುವುದಿಲ್ಲ. ಚೀನಾದಲ್ಲಿ ಇಂಗ್ಲಿಷ್ ಕಲಿಯಲು ಹೊರಟ ಹುಡುಗ ಕೊಳ್ಳುವ ಪದಪಟ್ಟಿಯ ಪುಸ್ತಕ ಶುರುವಾಗುವುದು ‘ಅಬ್ಯಾಂಡನ್’ ಎಂಬ ಪದದಿಂದ. ಅಂದರೆ ಕೈಬಿಡು, ತೊರೆ, ಎದ್ದು ಹೋಗು. ಅಕಾರಾದಿಯ ಕಿತಾಪತಿ, ಬೇರೇನಿಲ್ಲ. ಆದರೂ ಮೊದಲ ಸಾಲಿನಲ್ಲೇ ಇಷ್ಟು ಪ್ರಾಮಾಣಿಕ ಸಲಹೆ ಕೊಡುವ ಪಠ್ಯಪುಸ್ತಕ ಜಗತ್ತಿನಲ್ಲಿ ಇನ್ನೊಂದಿರಲಾರದು. ಸಲಹೆಯನ್ನು ಶಿರಸಾವಹಿಸಿ ಪಾಲಿಸಿದವರೂ ಬೇಕಾದಷ್ಟು ಮಂದಿ. ಮೊದಲ ಪುಟ ಬೆರಳಿನ ಕೊಳೆಯಿಂದ ಕಪ್ಪಾಗಿ, ಉಳಿದ ಪುಟಗಳೆಲ್ಲ ಮದುವೆ ಕರೆಯೋಲೆಯಷ್ಟು ಹೊಸದಾಗಿ ಉಳಿಯುವ ಕತೆ ಅಲ್ಲಿನ ವಿದ್ಯಾರ್ಥಿಗಳು ತಮ್ಮ ಮೇಲೆ ತಾವೇ ಹೇಳಿಕೊಳ್ಳುವ ಹಳೇ ಜೋಕು.

ಹಾಗೆ ಕೈಬಿಡದೆ ‘ಝೀಲ್’, ‘ಝೆನಿತ್’ವರೆಗೂ ಉರು ಹೊಡೆದವರು ಒಂದು ದಿನ ಪಾಸ್‌ಪೋರ್ಟ್ ಹಿಡಿದು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಕೇಂದ್ರಕ್ಕೆ ಹೋಗುತ್ತಾರೆ. ಅಮೆರಿಕದಲ್ಲಿ ಎಂ.ಎಸ್. ಅಥವಾ ಪಿಎಚ್‌.ಡಿ. ಮಾಡಬೇಕೆಂದರೆ ಮೊದಲು ನ್ಯೂಜೆರ್ಸಿಯ ಪ್ರಿನ್ಸ್‌ಟನ್ ವಿಳಾಸದ ಇಟಿಎಸ್ ಸಂಸ್ಥೆಯ ಎದುರು ನಿಮ್ಮ ನಾಲಿಗೆ ಚಾಚಿ ತೋರಿಸಬೇಕು. ಟೋಫೆಲ್ 1964ರಿಂದ ನಡೆದುಬಂದ ಪರೀಕ್ಷೆ. ಸಂಸ್ಥೆಯದು ಲಾಭದ ಉದ್ದೇಶವಿಲ್ಲದ ಸೇವೆಯಂತೆ. ಆ ಸೇವೆಗೆ ತೆರುವ ಫೀಸು ಕೇಳಿದರೆ ಲಾಭದ ಉದ್ದೇಶವಿರುವವರು ನಾಚಿಕೊಳ್ಳಬೇಕು.

ಟೋಫೆಲ್ ಕೇಂದ್ರದೊಳಗೆ ಒಮ್ಮೆ ಕೂತವರು ಸಾಯುವತನಕ ಮರೆಯದ ದೃಶ್ಯವೊಂದಿದೆ. ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡ ಮೇಲೆ ಮೈಕು ಸರಿಯಿದೆಯೇ ಎಂದು ನೋಡಲು ಕಂಪ್ಯೂಟರ್ ಒಂದು ಆಜ್ಞೆ ಕೊಡುತ್ತಿತ್ತು: ನೀವಿರುವ ಊರನ್ನು ವರ್ಣಿಸಿ. ಅಂಕವಿಲ್ಲ, ಯಾರೂ ಕೇಳಿಸಿಕೊಳ್ಳುವುದಿಲ್ಲ, ದನಿ ಎಷ್ಟು ಜೋರಿದೆ ಎಂದು ಅಳೆಯಲು ಮಾತ್ರ. ನಾನು ಬೆಂಗಳೂರಿನಲ್ಲಿ ಪರೀಕ್ಷೆಗೆ ಕೂತಾಗ ಸುತ್ತಲಿನ ಇಪ್ಪತ್ತು ಗಂಟಲುಗಳು ಸಂಜೆ ಭಜನೆಯ ಹಾಗೆ ‘ಗಾರ್ಡನ್ ಸಿಟಿ, ಗಾರ್ಡನ್ ಸಿಟಿ’ ಎನ್ನುತ್ತಿದ್ದವು. ಹೊರಗೆ ನೋಡಿದರೆ ಇದ್ದೊಂದು ಮರಕ್ಕೆ ಕೇಬಲ್ಲು ಸುತ್ತಿತ್ತು. ಆಮೇಲೆ ಅಮೆರಿಕದಲ್ಲಿ ನನ್ನ ಪಕ್ಕದ ಮೇಜಿಗೆ ಬಂದ ಚೀನೀ ಗೆಳೆಯ ವುಹಾನ್‌ನಲ್ಲಿ ಪರೀಕ್ಷೆ ಬರೆದವನು. ಅಲ್ಲಿನವರು ಊರು ವರ್ಣಿಸುವ ಗೋಜಿಗೇ ಹೋಗಲಿಲ್ಲವಂತೆ. ಕಂಪ್ಯೂಟರ್ ಹೇಳಿದ ವಾಕ್ಯವನ್ನೇ, ‘ನೀವಿರುವ ಊರನ್ನು ವರ್ಣಿಸಿ, ನೀವಿರುವ ಊರನ್ನು ವರ್ಣಿಸಿ’ ಎಂದು ಅದಕ್ಕೇ ವಾಪಸು ಹೇಳಿದರಂತೆ. ಮೈಕು ಸರಿಯಿದೆ ಎಂದು ಕಂಪ್ಯೂಟರ್ ಒಪ್ಪಿತು. ಈ ಪರೀಕ್ಷೆಯ ಮರ್ಮ ಮೊದಲ ನಿಮಿಷದಲ್ಲೇ ಅರ್ಥವಾದವರು ಯಾರು, ಗಾರ್ಡನ್ ಸಿಟಿ ಎಂದು ಗಂಟಲು ಹರಿದುಕೊಂಡವರು ಯಾರು, ನೀವೇ ಹೇಳಿ.

ಅರ್ಥವಾಗದೆ ಏನು? ಪರೀಕ್ಷೆ ಎಂಬುದನ್ನೇ ಜಗತ್ತಿಗೆ ಕೊಟ್ಟ ದೇಶ ಅದು. ಅರಸರ ಕಾಲದ ಅಧಿಕಾರಿ ಪರೀಕ್ಷೆ 1905ರಲ್ಲಿ ರದ್ದಾಗುವ ಹೊತ್ತಿಗೆ ಅದಕ್ಕೆ ಸುಮಾರು 1,300 ವರ್ಷ ವಯಸ್ಸಾಗಿತ್ತು. ನಾನ್‌ಜಿಂಗ್‌ನ ಪರೀಕ್ಷಾ ಮಂದಿರದಲ್ಲಿ 20,000ಕ್ಕೂ ಹೆಚ್ಚು ಗೂಡುಗಳಿದ್ದವು. ಒಬ್ಬೊಬ್ಬ ಅಭ್ಯರ್ಥಿಯೂ ದಿನಗಟ್ಟಲೆ ಒಂದೊಂದು ಗೂಡಿನಲ್ಲಿ, ಕೋಳಿ ಕಾವಿಗೆ ಕೂತ ಹಾಗೆ. ಒಳ ಅಂಗಿಯ ತುಂಬ ಇರುವೆ ಸಾಲಿನಂಥ ಅಕ್ಷರದಲ್ಲಿ ಶಾಸ್ತ್ರಗ್ರಂಥಗಳನ್ನೇ ಬರೆದುಕೊಂಡು ಬಂದವರ ಅಂಗಿಗಳು ಇವತ್ತಿಗೂ ಮ್ಯೂಸಿಯಂಗಳಲ್ಲಿವೆ. ನಮ್ಮ ಎಸ್ಸೆಸ್ಸೆಲ್ಸಿ ಕಾಪಿಚೀಟಿ ವೀರರು ಒಮ್ಮೆ ದರ್ಶನ ಮಾಡಿ ಬರಬೇಕಾದ ಪುಣ್ಯಕ್ಷೇತ್ರ. ಉತ್ತರ ಬರೆಯಲು ಎಂಟು ಕಾಲಿನ ಪ್ರಬಂಧ ಎಂಬ ಅಚ್ಚಿತ್ತು: ಇಂತಿಷ್ಟು ಭಾಗ, ಇಂತಿಂಥ ಜೋಡಿ ವಾಕ್ಯ, ಅದರಾಚೆ ಕಾಲಿಟ್ಟರೆ ಫೇಲು. ‘ಪೀಠಿಕೆ, ವಿಷಯ ವಿವರಣೆ, ಉಪಸಂಹಾರ’ ಎಂಬ ಮೂರೇ ಕಾಲಿನ ಪ್ರಬಂಧ ಬರೆದು ಬೆಳೆದ ನಮಗೆ ಅದು ತೀರಾ ಪರಕೀಯವೇನಲ್ಲ, ಐದು ಕಾಲು ಹೆಚ್ಚು ಅಷ್ಟೆ. ಇಂಥ ಮನೆತನದ ಮಕ್ಕಳಿಗೆ 1947ರಲ್ಲಿ ಹುಟ್ಟಿದ ಇಟಿಎಸ್ ಪರೀಕ್ಷೆ ಒಡ್ಡಿತು. ಮೀನಿನ ಮರಿಗೆ ಈಜು ಕಲಿಸಲು ಹೋದವರು ಕೊನೇ ಪಕ್ಷ ಕೊಳದ ದಡದಲ್ಲಿ ನಿಲ್ಲುತ್ತಾರೆ. ಇವರು ನೇರ ಸಮುದ್ರಕ್ಕೇ ಇಳಿದರು.

ಸಮುದ್ರದಲ್ಲಿ ಯು ಮಿನ್‌ಹೋಂಗ್ ಇದ್ದರು. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲಕ್ಕೆ ಪೀಕಿಂಗ್ ವಿಶ್ವವಿದ್ಯಾಲಯ ಸೇರಿ, ಅಲ್ಲೇ ಇಂಗ್ಲಿಷ್ ಮೇಷ್ಟರಾದವರು. ಅಮೆರಿಕಕ್ಕೆ ಹೋಗಲು ಹವಣಿಸಿ ಆಗದೆ, ತಾನು ಹೋಗಲಾಗದಿದ್ದರೇನು, ಊರಿಗೆ ಊರನ್ನೇ ಕಳಿಸುತ್ತೇನೆ ಎಂದು ಬೀಜಿಂಗ್‌ನ ಲೈಟ್ ಕಂಬಗಳಿಗೆ ಅಂಟು ಹಚ್ಚಿ ಚೀಟಿ ಅಂಟಿಸಿ, 1993ರಲ್ಲಿ ‘ನ್ಯೂ ಓರಿಯಂಟಲ್’ ಎಂಬ ಕೋಚಿಂಗ್ ಶಾಲೆ ತೆರೆದರು. 2006ರಲ್ಲಿ ಅದೇ ಶಾಲೆ ನ್ಯೂಯಾರ್ಕ್ ಷೇರುಪೇಟೆಯಲ್ಲಿ ನೋಂದಣಿಯಾಯಿತು. ಪರೀಕ್ಷೆ ನಡೆಸುವವರದು ಲಾಭವಿಲ್ಲದ ಸೇವೆ, ಪಾಸು ಮಾಡಿಸುವವರದು ಷೇರುಪೇಟೆ. ನಡುವೆ ಇಟಿಎಸ್ ತನ್ನ ಪ್ರಶ್ನೆಗಳನ್ನು ಕದ್ದರೆಂದು ಬೀಜಿಂಗ್ ಕೋರ್ಟಿಗೆ ಹೋಗಿ ಗೆದ್ದದ್ದೂ ಉಂಟು. ಆದರೆ ಕೋರ್ಟಿನಲ್ಲಿ ಗೆದ್ದವರು ಪರೀಕ್ಷಾ ಕೊಠಡಿಯಲ್ಲಿ ಸೋಲುತ್ತಲೇ ಇದ್ದರು. ಕಾರಣ ‘ಜಿ-ಜಿಂಗ್’.

ಕಂಪ್ಯೂಟರ್ ಪರೀಕ್ಷೆಯ ಅನುಭವ ಎಂಬುದರ ಮೊಟಕು ರೂಪ ಅದು. ಬೌದ್ಧ ಸೂತ್ರಗ್ರಂಥಗಳ ಹೆಸರಿನಲ್ಲಿ ಬರುವ ‘ಜಿಂಗ್’ ಅಕ್ಷರವೇ ಇಲ್ಲೂ ಇರುವುದರಿಂದ ಯಂತ್ರಾಗಮ ಎಂದು ಕನ್ನಡಿಸಿದರೆ ದೋಷವಿಲ್ಲ. ಪರೀಕ್ಷೆ ಬರೆದು ಹೊರಬಂದವನು ತನಗೆ ನೆನಪಿರುವ ನಾಲ್ಕು ಪ್ರಶ್ನೆ ಬರೆದಿಡುತ್ತಾನೆ. ಇನ್ನೊಬ್ಬ ಇನ್ನು ನಾಲ್ಕು. ಕಂಪ್ಯೂಟರಿನ ಹೊಟ್ಟೆಯಲ್ಲಿರುವುದು ಎಷ್ಟೇ ದೊಡ್ಡ ಪ್ರಶ್ನೆಗಳ ಉಗ್ರಾಣವಾಗಲಿ, ಸಾವಿರಾರು ಇರುವೆಗಳು ಒಂದೊಂದು ಕಾಳು ಹೊತ್ತರೆ ಎಷ್ಟು ದಿನ ಬಾಳೀತು? 2002ರಲ್ಲಿ ಇಟಿಎಸ್ ಎದ್ದು ನೋಡಿದಾಗ ಅದೇ ಸಂಸ್ಥೆಯ ಇನ್ನೊಂದು ಪರೀಕ್ಷೆಯಾದ ಜಿಆರ್‌ಇಯಲ್ಲಿ ಚೀನಾದವರ ಪದಜ್ಞಾನದ ಸರಾಸರಿ, ಆಗಿನ 200ರಿಂದ 800ರ ಅಳತೆಯಲ್ಲಿ, ಸುಮಾರು 100 ಅಂಕ ಮೇಲೇರಿತ್ತು. ಬೆಚ್ಚಿಬಿದ್ದ ಸಂಸ್ಥೆ ಚೀನಾ, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ಕಂಪ್ಯೂಟರ್ ಮುಚ್ಚಿ ಹಳೇ ಕಾಗದ ಪೆನ್ಸಿಲಿಗೆ ಮರಳಿತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ಎಂಬ ಪಂದ್ಯದಲ್ಲಿ ಚಾಪೆಯನ್ನೇ ಸುತ್ತಿಕೊಂಡು ಮನೆಗೆ ಹೋದ ಹಾಗೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸುಳ್ಳು ಪಾಸ್‌ಪೋರ್ಟಿನಲ್ಲಿ ಇನ್ನೊಬ್ಬರ ಪರವಾಗಿ ಪರೀಕ್ಷೆ ಬರೆದ, ಬರೆಸಿದ ಆರೋಪದ ಮೇಲೆ 2015ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 15 ಚೀನೀಯರ ವಿರುದ್ಧ ಮೊಕದ್ದಮೆ ಹೂಡಲಾಯಿತು. ಅದು ಕಳ್ಳತನ, ಅದರ ಲೆಕ್ಕ ಬೇರೆ. ಆದರೆ ಯಂತ್ರಾಗಮ ಓದಿದ ಹುಡುಗ ಮಾಡಿದ್ದು ನಮ್ಮ ಮೇಷ್ಟರುಗಳು ಬೋರ್ಡಿನ ಮೇಲೆ ‘ಇಂಪಾರ್ಟೆಂಟ್’ ಎಂದು ಬರೆದು ಸುತ್ತ ಗೆರೆ ಎಳೆಯುತ್ತಾರಲ್ಲ, ಅಷ್ಟನ್ನೇ. ‘ಪಾಸಿಂಗ್ ಪ್ಯಾಕೇಜ್’ ಎಂಬ ಅಮೃತವನ್ನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಹಂಚುವ ನಾಡಿನವರು ನಾವು. ಚೀನೀಯರನ್ನು ನೋಡಿ ಮೂಗು ಮುರಿಯುವ ಹಕ್ಕು ನಮಗಿಲ್ಲ.

ಪೆಟ್ಟು ತಿಂದ ಇಟಿಎಸ್ 2005ರಲ್ಲಿ ಹೊಸ ಟೋಫೆಲ್ ತಂದಿತು. ಇನ್ನು ಮೇಲೆ ಮಾತನ್ನೂ ಆಡಿ ತೋರಿಸಬೇಕು. ಚೀನಾದಲ್ಲಿ ‘ಮೂಕ ಇಂಗ್ಲಿಷ್’ ಎಂಬ ಮಾತೇ ಚಾಲ್ತಿಯಲ್ಲಿದೆ: ಓದಬಲ್ಲ, ಬರೆಯಬಲ್ಲ, ವ್ಯಾಕರಣದಲ್ಲಿ ಇಂಗ್ಲಿಷರನ್ನೇ ಮಣಿಸಬಲ್ಲ, ಆದರೆ ಬಾಯಿ ಬಿಡಲಾರ. ಅವರ ಬಾಯಿ ಬಿಡಿಸಿಯೇ ಸಿದ್ಧ ಎಂದು ಸಂಸ್ಥೆ ಪಣ ತೊಟ್ಟಿತು. ಆಗಿನ ಆಜ್ಞೆ: 15 ಸೆಕೆಂಡು ಯೋಚಿಸಿ, 45 ಸೆಕೆಂಡು ಮಾತಾಡಿ. 15 ಸೆಕೆಂಡಿನಲ್ಲಿ ಯೋಚಿಸಿದ್ದನ್ನು 45 ಸೆಕೆಂಡು ಹಿಗ್ಗಿಸುವ ಕಲೆ ರಾಜಕಾರಣಿಗಳಿಗೆ ಮಾತ್ರ ಸಿದ್ಧಿಸಿದ್ದು. ಉಳಿದವರಿಗೆ ಕೋಚಿಂಗೇ ಗತಿ. ನನ್ನ ಗೆಳೆಯನಿಗೆ ಕೋಚಿಂಗ್‌ನಲ್ಲಿ ಒಬ್ಬ ಅಜ್ಜಿಯನ್ನು ಕೊಟ್ಟಿದ್ದರು. ನಿಮ್ಮ ಮೇಲೆ ಪ್ರಭಾವ ಬೀರಿದವರು ಯಾರು? ಅಜ್ಜಿ. ನೆನಪಿನಲ್ಲುಳಿದ ಉಡುಗೊರೆ? ಅಜ್ಜಿ ಕೊಟ್ಟ ನಿಘಂಟು. ಹಳ್ಳಿ ಮೇಲೋ ಪಟ್ಟಣ ಮೇಲೋ? ಅಜ್ಜಿ ಇರುವುದು ಹಳ್ಳಿಯಲ್ಲಿ. ತಂತ್ರಜ್ಞಾನ ಮನುಷ್ಯರನ್ನು ದೂರಮಾಡಿದೆಯೇ? ಇಲ್ಲ, ಅಜ್ಜಿ ಫೋನಿನಲ್ಲಿ ಸಿಗುತ್ತಾಳೆ. ‘ನಿನ್ನ ನಿಜವಾದ ಅಜ್ಜಿ ಹೇಗಿದ್ದಾರೆ?’ ಎಂದು ಒಮ್ಮೆ ಕೇಳಿದೆ. ನಾನು ಹುಟ್ಟುವ ಮೊದಲೇ ಹೋದಳು ಎಂದ. ಪಾಪ, ಹೋದ ಮೇಲೂ ಮೊಮ್ಮಗನಿಗೆ 30ಕ್ಕೆ 23 ಅಂಕ ಕೊಡಿಸಿದಳು.

ಪ್ರಬಂಧಕ್ಕೂ ಅದೇ ಮದ್ದು. ‘ಆರ್ಥಿಕತೆಯ ಶೀಘ್ರ ಬೆಳವಣಿಗೆಯೊಂದಿಗೆ’ ಎಂದು ಶುರುಮಾಡಿದರೆ ಮುಂದೆ ಸಾಕುನಾಯಿಯ ಬಗ್ಗೆ ಬೇಕಾದರೂ ಬರೆಯಬಹುದು. ನಮ್ಮ ‘ಇಂದಿನ ವೈಜ್ಞಾನಿಕ ಯುಗದಲ್ಲಿ’ ಎಂಬುದರ ಸೋದರಸಂಬಂಧಿ. ಇದನ್ನು ಓದುವವರು ಯಾರು? ಮನುಷ್ಯರ ಜೊತೆಗೆ ಯಂತ್ರವೂ ಓದುತ್ತದೆ. ಪ್ರಬಂಧಕ್ಕೆ ಒಂದು ತಂತ್ರಾಂಶ ಮೊದಲೇ ಇತ್ತು, 2019ರಿಂದ ಮಾತಿಗೂ ಒಂದು ಸೇರಿದೆ. ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್ಮನ್ ಅವರು 2014ರಲ್ಲಿ ಒಂದು ತುಂಟತನ ಮಾಡಿದರು. ಮೂರು ಪದ ತುರುಕಿದರೆ ತಲೆಬುಡವಿಲ್ಲದ ಪ್ರಬಂಧವನ್ನು ಕಕ್ಕುವ ಯಂತ್ರವೊಂದನ್ನು ವಿದ್ಯಾರ್ಥಿಗಳ ಜೊತೆ ಸೇರಿ ಕಟ್ಟಿ, ಅದರ ಕಕ್ಕನ್ನು ಅಂಕ ಹಾಕುವ ಯಂತ್ರಕ್ಕೆ ಉಣಿಸಿದರು. ಯಂತ್ರ ಬಾಯಿ ಚಪ್ಪರಿಸಿ ಅಂಕ ಸುರಿಯಿತು. ಅಂದರೆ ಪರಿಸ್ಥಿತಿ ಹೀಗೆ: ಅರ್ಥವಾಗದ ವಾಕ್ಯವನ್ನು ಬಾಯಿಪಾಠ ಮಾಡಿದ ಹುಡುಗ ಒಂದು ಕಡೆ, ಅರ್ಥವೆಂದರೇನೆಂದೇ ತಿಳಿಯದ ಯಂತ್ರ ಇನ್ನೊಂದು ಕಡೆ. ಇಬ್ಬರೂ ಪರಸ್ಪರ ತೃಪ್ತರು. ಇವರಿಬ್ಬರ ನಡುವಿನ ವ್ಯವಹಾರದಲ್ಲಿ ಇಂಗ್ಲಿಷ್ ಬರುವವರು ಯಾರೂ ಇಲ್ಲವೇ ಇಲ್ಲ.

ಇದೆಲ್ಲ ಇಲ್ಲದ ಕಾಲವೂ ಒಂದಿತ್ತು. ಯೂಂಗ್ ವಿಂಗ್ ಎಂಬ ಚೀನೀ ಹುಡುಗ 1854ರಲ್ಲಿ ಯೇಲ್ ಪದವಿ ಪಡೆದ. ಓದುವಾಗ ಇಂಗ್ಲಿಷ್ ಪ್ರಬಂಧಕ್ಕೆ ಮೊದಲ ಬಹುಮಾನವನ್ನೂ ಹೊಡೆದ. ಟೋಫೆಲ್ ಇದ್ದಿದ್ದರೆ ಹಡಗನ್ನೇ ಹತ್ತುತ್ತಿರಲಿಲ್ಲವೇನೋ.

ಇಷ್ಟೆಲ್ಲ ದಾಟಿ ಬಂದವನಿಗೆ ಕ್ಯಾಂಪಸ್ಸಿನಲ್ಲಿ ಕಾದಿರುವುದು ಇನ್ನೊಂದು ಪರೀಕ್ಷೆ. ಪಿಎಚ್‌.ಡಿ. ವಿದ್ಯಾರ್ಥಿ ಹೊಟ್ಟೆಪಾಡಿಗೆ ಪದವಿ ತರಗತಿಗಳಿಗೆ ಪಾಠ ಮಾಡಬೇಕು, ಟೀಚಿಂಗ್ ಅಸಿಸ್ಟೆಂಟ್, ಅಂದರೆ ಟಿ.ಎ., ಆಗಬೇಕು. ಮೇಷ್ಟ್ರು ಹೇಳುವುದು ಅರ್ಥವಾಗುವುದಿಲ್ಲ ಎಂದು ಅಮೆರಿಕದ ಮಕ್ಕಳೂ ಅವರ ಅಪ್ಪಂದಿರೂ 1980ರ ದಶಕದಲ್ಲಿ ಗಲಾಟೆ ಎಬ್ಬಿಸಿದ್ದಕ್ಕೆ, ಮೇಷ್ಟರ ಇಂಗ್ಲಿಷ್ ಪರೀಕ್ಷಿಸಿ ಎಂದು ಒಂದೊಂದಾಗಿ ರಾಜ್ಯಗಳು ಕಾನೂನು ಮಾಡಿದವು. ಪೆನ್ಸಿಲ್ವೇನಿಯಾದ್ದು 1990ರ ಕಾಯ್ದೆ. ಗಣಿತ ಅರ್ಥವಾಗದಿರಲು ಗಣಿತವೇ ಕಾರಣವಾಗಿರಬಹುದು ಎಂಬ ಅನುಮಾನ ಯಾವ ಶಾಸಕನಿಗೂ ಬರಲಿಲ್ಲ.

ಹೀಗಾಗಿ ನಾನೂ ಗೆಳೆಯನೂ ಒಂದೇ ಮಧ್ಯಾಹ್ನ ಆ ಪರೀಕ್ಷೆಯ ಕೊಠಡಿಗೆ ಹೋದೆವು. ಭಾಷಾಶಾಸ್ತ್ರದ ಮೇಡಂ ಒಬ್ಬರು, ಚೂಯಿಂಗ್ ಗಮ್ ಜಗಿಯುತ್ತಿದ್ದ ಪದವಿ ಹುಡುಗರು ಇಬ್ಬರು. ಐದು ನಿಮಿಷದಲ್ಲಿ ಒಂದು ಪರಿಭಾಷೆ ವಿವರಿಸಬೇಕು. ಗೆಳೆಯ ಸಂಖ್ಯಾಶಾಸ್ತ್ರದವನು, ‘ವೇರಿಯನ್ಸ್’ ವಿವರಿಸಿದ. ಮ್ಯಾಂಡರಿನ್‌ನಲ್ಲಿ ಇಂಗ್ಲಿಷಿನ ‘ವಿ’ ಇಲ್ಲ, ಹಾಗಾಗಿ ತುಟಿ ದುಂಡಗಾಯಿತು. ನನ್ನ ಕತೆಯೇನು? ಕನ್ನಡದ ಒಂದೇ ‘ವ’ದಲ್ಲಿ ವೋಟನ್ನೂ ವೈನನ್ನೂ ಸುಧಾರಿಸಿಕೊಂಡು ಬಂದವನು. ಎಲ್ಲಿ ತಪ್ಪೀತೋ ಎಂಬ ಹೆದರಿಕೆಗೆ ಬೆಂಗಳೂರು ಆಟೋ ಮೀಟರಿನ ಹಾಗೆ ಓಡಿಸಿದೆ. ಅವರಿಗೆ ನಡುವೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ. ಫಲಿತಾಂಶ: ನಾನು ‘ನಿರರ್ಗಳ’, ಅವನು ಫೇಲು. ಮುಂದೆ ನಾಲ್ಕು ತಿಂಗಳು ಅವನು ಉಚ್ಚಾರಣೆ ತರಗತಿಗೆ ಹೋಗಿ, ಕೈಗನ್ನಡಿ ಹಿಡಿದು ಕೆಳತುಟಿ ಕಚ್ಚಿ ‘ವ್ವ್ವ್’ ಎನ್ನುತ್ತ ಕೂತ. ಪಕ್ಕದ ಮೇಜಿನಲ್ಲಿ ನನಗೆ ಕೆಟ್ಟುಹೋದ ಮಿಕ್ಸಿ ಜೊತೆ ಬಾಳುವೆ ಮಾಡಿದ ಅನುಭವ.

ಬರಹದಲ್ಲಿ ಮಾತ್ರ ನಾವಿಬ್ಬರೂ ಸಮಾನ ದುಃಖಿಗಳು. ಕನ್ನಡಕ್ಕೂ ಚೀನಿಗೂ ‘ದಿ’ ಎಂಬ ವಸ್ತು ಇಲ್ಲ. ರಾತ್ರಿ ಹನ್ನೊಂದರವರೆಗೆ ಕೂತು, ಈ ‘ಮಾಡೆಲ್’ ಎಂಬುದರ ಹಿಂದೆ ‘ದಿ’ ಬೇಕೋ ಬೇಡವೋ ಎಂದು ಕುರುಡರಿಬ್ಬರು ದಾರಿ ತೋರಿಸಿಕೊಳ್ಳುತ್ತಿದ್ದೆವು. ಕೊನೆಗೆ ಅವನು ಪ್ರಕಟವಾದ ಪ್ರಬಂಧಗಳಲ್ಲಿ ಪುಟಕ್ಕೆ ಎಷ್ಟು ‘ದಿ’ ಬರುತ್ತದೆಂದು ಎಣಿಸಿ ಸರಾಸರಿ ತೆಗೆದು, ಒಗ್ಗರಣೆಗೆ ಸಾಸಿವೆ ಎರಚಿದ ಹಾಗೆ ಎರಚಿದ. ಗೈಡು ಕೆಂಪು ಶಾಯಿ ಹಾಕಿದ್ದು ನನ್ನ ಪುಟಗಳಿಗೇ ಹೆಚ್ಚು. ಚೀನಿಯಲ್ಲಿ ಅವನು, ಅವಳು ಎರಡಕ್ಕೂ ಬಾಯಿಮಾತಿನಲ್ಲಿ ಒಂದೇ ‘ಟಾ’. ಹಾಗಾಗಿ ತನ್ನ ಗೈಡ್ ಮೇಡಮ್ಮನ್ನು ಅವರೆದುರೇ ‘ಹಿ’ ಎಂದುಬಿಡುತ್ತಿದ್ದ. ನಮ್ಮ ‘ಅವರು’ ಎಂಬುದನ್ನು ಬಳಸು, ಮರ್ಯಾದೆಯೂ ಉಳಿಯುತ್ತದೆ ಎಂದು ಹೇಳಿಕೊಟ್ಟೆ. ಆಗ ಎಲ್ಲರೂ ನಕ್ಕರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಕ್ಯಾಂಪಸ್ಸುಗಳೇ ‘ದೇ’ ಎನ್ನಲು ಶುರುಮಾಡಿದವು. ಕನ್ನಡಕ್ಕೆ ಕ್ರೆಡಿಟ್ ಕೊಟ್ಟವರು ಯಾರೂ ಇಲ್ಲ.

ನಾಲಿಗೆಗಳಿಗೆ ಇಷ್ಟು ಪರೀಕ್ಷೆಗಳಿವೆ. ಕಿವಿಗೆ? ಒಂದೇ ಒಂದು ನಡೆದದ್ದು ನನಗೆ ಗೊತ್ತು. ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ ಎಂಬವರು 1992ರಲ್ಲಿ ಪ್ರಕಟಿಸಿದ ಪ್ರಯೋಗ. ಅಚ್ಚ ಅಮೆರಿಕನ್ ಹೆಂಗಸೊಬ್ಬಳ ದನಿಯಲ್ಲಿ ನಾಲ್ಕು ನಿಮಿಷದ ಪಾಠವನ್ನು ಧ್ವನಿಮುದ್ರಿಸಿ ಪದವಿ ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವರಿಗೆ ಎದುರಿಗೆ ಬಿಳಿಯ ಹೆಂಗಸಿನ ಫೋಟೊ, ಕೆಲವರಿಗೆ ಏಷ್ಯಾದ ಹೆಂಗಸಿನ ಫೋಟೊ. ದನಿ ಒಂದೇ, ಟೇಪು ಒಂದೇ. ಏಷ್ಯಾದ ಮುಖ ನೋಡಿದವರಿಗೆ ಉಚ್ಚಾರಣೆ ವಿದೇಶಿಯಾಗಿ ಕೇಳಿಸಿತು. ಅಷ್ಟೇ ಅಲ್ಲ, ಪಾಠದಲ್ಲಿ ಕೇಳಿದ್ದನ್ನು ಅವರು ನೆನಪಿಟ್ಟುಕೊಂಡದ್ದೂ ಕಡಿಮೆ. ಕುಣಿಯಲಾರದವಳು ನೆಲ ಡೊಂಕು ಎಂದಳು, ಕೇಳಲಾರದವರು ನಾಲಿಗೆ ಡೊಂಕು ಎಂದರು. ಫೇಲಾದ ಈ ಕಿವಿಗಳಿಗಾಗಿ ಯಾವ ವಿಶ್ವವಿದ್ಯಾಲಯವೂ ಕೈಗನ್ನಡಿ ಕೊಟ್ಟು ನಾಲ್ಕು ತಿಂಗಳು ಕೂರಿಸಿದ್ದು ನಾನು ನೋಡಲಿಲ್ಲ.

ಕಿವಿಗಳ ದೂರು ತರಗತಿಗೇ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿಭಾಗವೊಂದರಲ್ಲಿ, ವಿದ್ಯಾರ್ಥಿಗಳು ಕೂರುವ ಜಾಗದಲ್ಲಿ ಚೀನೀ ಭಾಷೆಯಲ್ಲಿ ಜೋರಾಗಿ ಮಾತಾಡಿದವರು ಯಾರೆಂದು ಇಬ್ಬರು ಅಧ್ಯಾಪಕರು ಫೋಟೊಗಳನ್ನು ಕೇಳಿ ಗುರುತು ಹಿಡಿಯಲು ಹೊರಟರು, ಇನ್ನು ಮೇಲೆ ಕಟ್ಟಡದಲ್ಲಿ ಇಂಗ್ಲಿಷೇ ಆಡಿ ಎಂದು ಇಮೇಲು ಹೋಯಿತು. ಗಲಾಟೆಯಾದ ಮೇಲೆ ಇಮೇಲು ಕಳಿಸಿದವರು ಆ ಹೊಣೆಯಿಂದ ಇಳಿದರು, ಕ್ಷಮೆಯೂ ಬಂತು. ಚಹಾ ಕುಡಿಯುವಾಗಲೂ ಪರೀಕ್ಷೆ!

ಹಾಗಾದರೆ ಇಂಗ್ಲಿಷ್ ಬಾರದವರನ್ನು ಕರೆಸಿಕೊಳ್ಳುವುದೇಕೆ ಎಂದು ನೀವು ಕೇಳಬಹುದು. ಉತ್ತರ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ಬಿಸಿನೆಸ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಚೀನೀ ವಿದ್ಯಾರ್ಥಿಗಳ ಫೀಸಿನ ಆದಾಯ ಕುಸಿದರೆ ಇರಲಿ ಎಂದು ವಿಮೆ ಮಾಡಿಸಿದವು. ವರ್ಷಕ್ಕೆ 4,24,000 ಡಾಲರ್ ಕಂತು, 6 ಕೋಟಿ ಡಾಲರ್ ರಕ್ಷಣೆ. ಇಲಿನಾಯ್ ಎಂದರೆ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳದ ಹೊಲ. ಅಲ್ಲಿ ಬೆಳೆ ವಿಮೆ ಯಾರಿಗೂ ಹೊಸದಲ್ಲ. ಬಿತ್ತನೆಗೆ ಮುನ್ನ ಬೀಜ ಪರೀಕ್ಷಿಸುವುದೂ ಪದ್ಧತಿಯೇ, ಅದಕ್ಕೆ ಟೋಫೆಲ್ ಎನ್ನುತ್ತಾರೆ. 2019-20ರಲ್ಲಿ ಅಮೆರಿಕದಲ್ಲಿ 3,72,532 ಚೀನೀ ವಿದ್ಯಾರ್ಥಿಗಳಿದ್ದರು. 2023-24ಕ್ಕೆ 2,77,398ಕ್ಕೆ ಇಳಿದರು. ಆ ವರ್ಷ 3,31,602 ಮಂದಿಯೊಂದಿಗೆ ಮೊದಲ ಸ್ಥಾನಕ್ಕೆ ಬಂದವರು ನಾವು, ಭಾರತದವರು. ನಮ್ಮ ಮೇಲೂ ಯಾರೋ ವಿಮೆ ಕಂತು ಕಟ್ಟುತ್ತಿರಬಹುದು.

ಯು ಮಿನ್‌ಹೋಂಗ್ ಏನಾದರು? 2021ರಲ್ಲಿ ಚೀನಾ ಸರ್ಕಾರ ಶಾಲಾಮಕ್ಕಳ ಟ್ಯೂಷನ್ ಉದ್ಯಮದ ಕತ್ತು ಹಿಸುಕಿತು. ನ್ಯೂ ಓರಿಯಂಟಲ್ ಹತ್ತಾರು ಸಾವಿರ ಮಂದಿಯನ್ನು ಮನೆಗೆ ಕಳಿಸಿ, ಮೇಜು ಕುರ್ಚಿಗಳನ್ನು ಹಳ್ಳಿ ಶಾಲೆಗಳಿಗೆ ದಾನ ಮಾಡಿ, ಆನ್‌ಲೈನ್‌ನಲ್ಲಿ ರೈತರ ಬೆಳೆ ಮಾರಲು ಕೂತಿತು. 2022ರ ಜೂನ್‌ನಲ್ಲಿ ಡಾಂಗ್ ಯುಹುಯಿ ಎಂಬ ಇಂಗ್ಲಿಷ್ ಮೇಷ್ಟ್ರು ಕ್ಯಾಮೆರಾ ಎದುರು ಜೋಳ, ಅಕ್ಕಿ, ಮಾಂಸದ ತುಂಡು ಹಿಡಿದು, ಪಕ್ಕದ ಬೋರ್ಡಿನ ಮೇಲೆ ಅದರ ಇಂಗ್ಲಿಷ್ ಪದ ಬರೆದು, ನಡುನಡುವೆ ಕವಿತೆಯನ್ನೂ ಹೇಳುತ್ತ ಮಾರಿದರು. ದೇಶವೇ ಮುಗಿಬಿದ್ದಿತು. ಯಾವ ಅಂಕವೂ ಇಲ್ಲದೆ, ಯಾವ ಅಜ್ಜಿಯೂ ಇಲ್ಲದೆ, ಜನ ಖುಷಿಯಿಂದ ನಾಲ್ಕು ಇಂಗ್ಲಿಷ್ ಪದ ಕಲಿತರು, ಜೊತೆಗೆ ಹತ್ತು ಕೆಜಿ ಅಕ್ಕಿ.

ನನ್ನ ಗೆಳೆಯ ಕಡೆಗೂ ಆ ಉಚ್ಚಾರಣೆ ಪರೀಕ್ಷೆ ದಾಟಿ ಟಿ.ಎ. ಆದ. ವಾರಕ್ಕೆರಡು ಗಂಟೆ ಬಾಗಿಲು ತೆರೆದು ಕೂರುತ್ತಿದ್ದ, ನೊಣವೂ ಬರುತ್ತಿರಲಿಲ್ಲ. ಮೊದಲ ತಿಂಗಳ ಅಭಿಪ್ರಾಯ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: ಇವರು ಹೇಳುವುದು ತಿಳಿಯುವುದಿಲ್ಲ. ಅವನು ಅವನ್ನು ಸರಾಸರಿ ತೆಗೆದು ಡ್ರಾಯರಿನಲ್ಲಿಟ್ಟ.

ಮಿಡ್‌ಟರ್ಮ್ ಪರೀಕ್ಷೆಯ ಹಿಂದಿನ ಸಂಜೆ ನಾನು ಕಾಫಿ ಲೋಟ ಹಿಡಿದು ಬಂದರೆ ನನ್ನ ಮೇಜಿಗೆ ಹೋಗಲು ದಾರಿಯಿಲ್ಲ. ಕಾರಿಡಾರಿನ ಉದ್ದಕ್ಕೂ ನೆಲದ ಮೇಲೆ ಹುಡುಗ ಹುಡುಗಿಯರು. ಒಳಗೆ ಅವನು ಬೋರ್ಡಿನ ಮೇಲೆ ಐದು ಲೆಕ್ಕ ಬರೆದು, ಅದೇ ದುಂಡು ತುಟಿಯ ‘ವೇರಿಯನ್ಸ್’ನಲ್ಲಿ ವಿವರಿಸುತ್ತಿದ್ದ. ಚೂಯಿಂಗ್ ಗಮ್ಮಿನ ಆ ಇಬ್ಬರು ಪರೀಕ್ಷಕರಲ್ಲಿ ಒಬ್ಬ ಬಾಗಿಲ ಹತ್ತಿರವೇ ಕುಕ್ಕರುಗಾಲಿನಲ್ಲಿ ಕೂತು ಒಂದಕ್ಷರವೂ ಬಿಡದೆ ಬರೆದುಕೊಳ್ಳುತ್ತಿದ್ದ. ನಾನು ‘ಎಕ್ಸ್‌ಕ್ಯೂಸ್ ಮಿ, ಸ್ವಲ್ಪ ದಾರಿ’ ಎಂದೆ. ತಲೆ ಎತ್ತದೆ ಬೆರಳು ತುಟಿಗಿಟ್ಟ:

‘ಶ್! ಕೇಳಿಸ್ತಿಲ್ಲ.’